ಏಳನೇ ಹೋಲಿನ ಬಂಕರ್ ಮತ್ತು ಹಸ್ತೆ ಮಳೆ

ಆಯುಧ ಪೂಜೆ ದಿನ ನಮ್ಮ ಶೆಡ್ ನೋಡಬೇಕು. ಹುಲ್ಲು ಕತ್ತರಿಸುವ ಮೋವರ್, ಟ್ರ್ಯಾಕ್ಟರ್, ಏರೇಟರ್, ಹಾರೆ, ಗುದ್ದಲಿ, ಸನಿಕೆ, ಬಾಂಡ್ಲಿ, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡು ಹೂವು. ಬಾಗಿಲಲ್ಲಿ ಬೂದುಗುಂಬಳ ಒಡೆದ ಮಾರನೇ ದಿನದಿಂದಲೇ ನಮ್ಮ ದೊಡ್ಡ ಕೆಲಸ ಶುರು.

ನಾನು ಚಿಕ್ಕಬಳ್ಳಾಪುರದ ಕಡೆ, ಬೆಟ್ಟದ ಇಳಿಜಾರಿನಲ್ಲಿರುವ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು, ನೀರು, ಮಣ್ಣು ನೋಡಿಕೊಳ್ಳುವವನು. ನಮ್ಮ ಕಡೆ ಜೋರು ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್. ನವೆಂಬರ್ ಕಳೆದರೆ ರಾತ್ರಿ ಚಳಿ ಏರುತ್ತದೆ, ಹುಲ್ಲು ಬೆಳೆಯುವುದು ನಿಧಾನವಾಗುತ್ತದೆ. ಮಳೆ ಮಾಡಿದ ಹಾಳನ್ನು ಸರಿ ಮಾಡಲು, ಹುಲ್ಲಿಗೆ ಚೇತರಿಸಿಕೊಳ್ಳಲು ಸಿಗುವುದು ಈ ನಡುವಿನ ಆರೇಳು ವಾರ ಮಾತ್ರ. ನಾನು ಕ್ಯಾಲೆಂಡರಿನ ತಾರೀಖಿಗಿಂತ ಹಸ್ತೆ, ಚಿತ್ತೆ, ಸ್ವಾತಿ ಅಂತಲೇ ಲೆಕ್ಕ ಹಾಕುತ್ತೇನೆ.

ಏಳನೇ ಹೋಲಿನ ಬಂಕರ್ ನನ್ನನ್ನು ಮೂರು ವರ್ಷ ಆಟ ಆಡಿಸಿತು. ಗಾಲ್ಫಿನಲ್ಲಿ ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಅದು ಬೀಳಬೇಕಾದ ಕುಳಿಯವರೆಗಿನ ಒಂದೊಂದು ಪಟ್ಟಿಗೂ ಹೋಲ್ ಅನ್ನುತ್ತಾರೆ. ಬಂಕರ್ ಅಂದರೆ ಆಟಗಾರರಿಗೆ ತೊಡಕಾಗಲಿ ಅಂತಲೇ ತೋಡಿ ಮರಳು ತುಂಬಿದ ಗುಂಡಿ. ಪ್ರತಿ ಹಸ್ತೆ ಮಳೆಗೂ ಅದು ಕೆರೆ ಆಗುತ್ತಿತ್ತು. ನೀರು ಇಂಗಿದ ಮೇಲೆ ಬಿಳಿ ಮರಳಿನ ಮೇಲೆ ಕೆಂಪು ಮಣ್ಣಿನ ಪದರ, ಬಿಸಿಲಿಗೆ ಬಿರಿದು ಹಪ್ಪಳದ ಹಾಗೆ ಎದ್ದಿರುತ್ತಿತ್ತು.

ಮೊದಲ ವರ್ಷ ತಳದ ಪೈಪ್ ಕಟ್ಟಿಕೊಂಡಿದೆ ಅಂದುಕೊಂಡೆ. ಮರಳೆಲ್ಲ ತೆಗೆಸಿ 4 ಇಂಚಿನ ತೂತಿನ ಪೈಪ್ ಹೊಸದಾಗಿ ಹಾಕಿಸಿದೆ. ಮಣ್ಣು ಒಳಗೆ ಹೋಗಬಾರದು ಅಂತ ಪೈಪಿಗೆ ಫಿಲ್ಟರ್ ಬಟ್ಟೆಯನ್ನೂ ಸುತ್ತಿಸಿದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಮೂರನೇ ವರ್ಷ ಅಗೆದು ನೋಡಿದರೆ ಬಟ್ಟೆಯ ಕಣ್ಣುಗಳೆಲ್ಲ ನುಣ್ಣನೆಯ ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದವು. ಬೆರಳಿನಿಂದ ಉಜ್ಜಿದರೆ ಸೆಗಣಿ ಸಾರಿಸಿದ ನೆಲದಷ್ಟು ನುಣುಪು. ಪೈಪಿನೊಳಗೆ ಮಾತ್ರ ಒಂದು ಹನಿ ನೀರಿಲ್ಲ, ಹೊಸದರ ಹಾಗೇ ಇತ್ತು! ನಮ್ಮ ಮಣ್ಣಿಗೆ ಬಟ್ಟೆ ಸುತ್ತುವುದು ಬೇಡ. ಪೈಪಿನ ಸುತ್ತ ತೊಳೆದ ಸಣ್ಣ ಜಲ್ಲಿ ಹಾಕಿದರೆ ಸಾಕು.

ಆದರೆ ನಿಜವಾದ ತಪ್ಪು ಬಟ್ಟೆಯದಲ್ಲ. ಅದು ಗೊತ್ತಾಗಿದ್ದು ಒಂದು ಸಂಜೆ ಛತ್ರಿ ಹಿಡಿದು ಮಳೆಯಲ್ಲೇ ಹೋಗಿ ನಿಂತಾಗ. ಅಲ್ಲಿವರೆಗೆ ಮಳೆ ನಿಂತ ಮೇಲೆ ಹೋಗಿ ಗುಂಡಿಯಲ್ಲಿ ನಿಂತ ನೀರನ್ನು ನೋಡುತ್ತಿದ್ದೆನೇ ಹೊರತು, ಅದು ಬರುವುದನ್ನು ನೋಡಿರಲಿಲ್ಲ. ಆಕಾಶದಿಂದ ಬಂಕರಿಗೆ ನೇರವಾಗಿ ಬೀಳುತ್ತಿದ್ದ ನೀರು ಏನೂ ಜಾಸ್ತಿ ಇರಲಿಲ್ಲ. ಮೇಲಿನ ದಿಬ್ಬದಿಂದ ಒಂದಿಷ್ಟು ಹರಿದು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಬಂಕರಿನ ಗೋಡೆಯಿಂದಲೇ ನೀರು ಜಿನುಗುತ್ತಿತ್ತು. ಮಳೆ ನಿಂತು ಅರ್ಧ ಗಂಟೆ ಆದರೂ ಜಿನುಗುವುದು ನಿಲ್ಲಲಿಲ್ಲ.

ಇಲ್ಲಿ ಮೇಲೆ ಒಂದೂವರೆ ಅಡಿ ಕೆಂಪು ಮಣ್ಣು, ಅದರ ಕೆಳಗೆ ಗಟ್ಟಿ ಗರಸು. ನೀರು ಮಣ್ಣಿನಲ್ಲಿ ಇಂಗುತ್ತದೆ, ಗರಸಿನಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಗರಸಿನ ಮೇಲೇ ಇಳಿಜಾರು ಹಿಡಿದು ಜಾರಿ, ಎಲ್ಲಿ ನೆಲ ಕತ್ತರಿಸಿದ್ದೀವೋ ಅಲ್ಲಿ ಹೊರಗೆ ಬರುತ್ತದೆ. ಬಂಕರ್ ತೋಡಿದ್ದು ಅಂದರೆ ನೀರಿಗೆ ಬಾಗಿಲು ತೆಗೆದುಕೊಟ್ಟ ಹಾಗೆ. ನಾನು ಮೂರು ವರ್ಷ ಕೆಳಗೆ ತೂತು ಮಾಡುತ್ತಾ ಕೂತಿದ್ದೆ, ನೀರು ಮೇಲಿನಿಂದ ಬರುತ್ತಿತ್ತು.

ಆ ಸಂಜೆಯೇ ನೀರು ಬರುವ ದಾರಿಯುದ್ದಕ್ಕೂ ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಸುಣ್ಣದ ಪುಡಿ ಹಾಕಿದ್ದರೆ ಮಳೆಗೆ ಹೋಗುತ್ತಿತ್ತು ಅಲ್ವಾ. ವಾರದ ನಂತರ ಬಂಕರಿನಿಂದ ಹದಿನೈದು ಅಡಿ ಮೇಲೆ, ದಿಬ್ಬಕ್ಕೆ ಅಡ್ಡಲಾಗಿ, ರಾಗಿ ಹೊಲದ ಬದುವಿನ ಹಾಗೆ ಒಂದು ಚರಂಡಿ ತೋಡಿದೆವು. ಆಳ ಇಷ್ಟೇ ಅಂತ ಮೊದಲೇ ಹೇಳಲಿಲ್ಲ. ಹಾರೆ ಗರಸಿಗೆ ತಾಗಿ ಟಣ್ ಅಂದಮೇಲೂ ಒಂದು ಗೇಣು ಕೆಳಗೆ ಹೋಗಬೇಕು ಅಂದೆ. ಮೇಲಿನ ಮಣ್ಣಿನಲ್ಲೇ ನಿಲ್ಲಿಸಿದರೆ ನೀರು ಚರಂಡಿಯ ಅಡಿಯಿಂದ ಆರಾಮಾಗಿ ಹೋಗಿಬಿಡುತ್ತದೆ.

ವಾಟ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಟ್ಟೆವು. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬಿನಲ್ಲೇ ಮಟ್ಟ ನೋಡಿದ್ದು. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದು ಮಾತ್ರ ನಮಗೆ ಕಾಣಲಿಲ್ಲ. ನಡುವೆ ಚರಂಡಿ ಹೊಟ್ಟೆ ಬಿಟ್ಟಿತು. ಒಂದು ಬಿಂದಿಗೆ ನೀರು ಸುರಿದು ನೋಡಿದಾಗ ಅಲ್ಲೇ ನಿಂತುಬಿಟ್ಟಿತು. ಅರ್ಧ ದಿನದ ಕೆಲಸ ದಂಡ. ಪೈಪ್ ಹಾಕಿ ಮುಚ್ಚುವ ಮೊದಲೇ ಆ ಬಿಂದಿಗೆ ನೀರು ಸುರಿದಿದ್ದು ಪುಣ್ಯ.

ಬಂಕರಿಗೆ ಹೊಸ ಮರಳು ಹಾಕುವಾಗ ಇನ್ನೊಂದು ಪೀಕಲಾಟ. ಈಗ ಎಲ್ಲ ಕಡೆ ಎಂ-ಸ್ಯಾಂಡ್. ತಪ್ಪೇನಿಲ್ಲ, ಕಲ್ಲು ಒಡೆದ ಮರಳಿನ ಕಾಳಿಗೆ ಮೂಲೆ ಇರುವುದರಿಂದ ಬಂಕರಿನ ಗೋಡೆ ಮೇಲೆ ಚೆನ್ನಾಗಿ ಕೂರುತ್ತದೆ. ಪುಡಿ ಜಾಸ್ತಿ ಇದ್ದರೆ ಮಾತ್ರ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಲೋಡ್ ಬಂದ ಕೂಡಲೇ ಒಂದು ನೀರಿನ ಬಾಟಲಿಗೆ ಅರ್ಧ ಮರಳು, ಅರ್ಧ ನೀರು ಹಾಕಿ ಕುಲುಕಿ, ಲಾರಿಯ ಬಾನೆಟ್ ಮೇಲೆ ಇಟ್ಟೆ. ಟೀ ಕುಡಿದು ಬರುವಷ್ಟರಲ್ಲಿ ಮರಳಿನ ಮೇಲೆ ಒಂದು ಬೆರಳು ದಪ್ಪ ಬೂದು ಕೆಸರು. ಡ್ರೈವರ್ ಬೈದುಕೊಂಡೇ ಲಾರಿ ವಾಪಸ್ ತಿರುಗಿಸಿದ. ಎರಡನೇ ಲೋಡ್ ಪರವಾಗಿಲ್ಲ.

ಇದರ ಮಧ್ಯೆ ಗ್ರೀನುಗಳ ಕೆಲಸ. ಗ್ರೀನ್ ಅಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ಇರುವ, ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿದ ಹುಲ್ಲು. ಟೊಳ್ಳು ಮೊಳೆಗಳ ಏರೇಟರ್ ಓಡಿಸಿ ಬೆರಳುಗಾತ್ರದ ತೂತು ಮಾಡಿ, ಬಂದ ಮಣ್ಣಿನ ಗುಳಿಗೆಗಳನ್ನು ಗುಡಿಸಿ, ಒಣಗಿದ ಮರಳು ಎಳೆದು ತುಂಬುವುದು. ಅಕ್ಟೋಬರಿನಲ್ಲಿ ಮಾಡಿದರೆ ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಂದು ವರ್ಷ ಪಂದ್ಯ ಇದೆ ಅಂತ ಡಿಸೆಂಬರಿಗೆ ತಳ್ಳಿದೆವು, ಸಂಕ್ರಾಂತಿಗೂ ಗ್ರೀನ್ ತೂತು ತೂತು. ಆಟಗಾರರ ಮುಖ ನೋಡಲಾಗಲಿಲ್ಲ.

ಈ ಹುಲ್ಲು ಹೈಬ್ರಿಡ್ ಬರ್ಮುಡಾ, ನಮ್ಮ ಗರಿಕೆಯ ಕುಲದ್ದೇ. ಇದನ್ನು ಹೇಳಿದ ದಿನ ನಮ್ಮ ತಂಡದ ಹಿರಿಯಕ್ಕ ಗುಡಿಸುವುದನ್ನು ನಿಲ್ಲಿಸಿ ಕೇಳಿದರು, "ಅಣ್ಣಾ, ಗಣೇಶನಿಗೆ ಇಡೋ ಗರಿಕೇನಾ ಇದು? ನಮ್ಮ ಹೊಲದಾಗೆ ಕಿತ್ತು ಕಿತ್ತು ಸಾಕಾಗೈತೆ, ನೀವು ಸಂಬಳ ಕೊಟ್ಟು ಸಾಕ್ತೀರಲ್ಲ!" ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರೇ ಗ್ರೀನಿನಲ್ಲಿ ತುಂಗೆ ಗಡ್ಡೆ ಅನ್ನುವ ಕಳೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುವವರು. ಎಲೆ ಕಿತ್ತರೆ ಪ್ರಯೋಜನವಿಲ್ಲ, ಗಡ್ಡೆ ಸಮೇತ ಬರಬೇಕು. ಅದಕ್ಕೆ ಕಳೆ ಕೀಳುವ ಅವರ ಹಳೇ ಕುರ್ಚಿಗೆಯೇ ಸರಿ.

ಸ್ವಾತಿ ಮಳೆ ಒಂದು ರಾತ್ರಿ ಚೆನ್ನಾಗಿ ಹೊಡೆಯಿತು. ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದೆ. ಕೆಳಗಿನ ಹೊಂಗೆ ಮರದ ಹತ್ತಿರ, ಹೊಸ ಪೈಪಿನ ಬಾಯಿಂದ ನೀರು ಕುಂಟೆಗೆ ಬೀಳುವ ಸದ್ದು ದೂರದಿಂದಲೇ ಕೇಳಿಸಿತು. ಕೈ ಒಡ್ಡಿ ನೋಡಿದೆ, ತಿಳಿ ನೀರು, ಮಣ್ಣಿಲ್ಲ. ಬಂಕರಿನಲ್ಲಿ ಮರಳು ಒದ್ದೆಯಾಗಿತ್ತು, ಆದರೆ ನೀರು ನಿಂತಿರಲಿಲ್ಲ. ಒಂದು ನವಿಲು ನಡೆದುಹೋದ ಹೆಜ್ಜೆ ಗುರುತು ಅಚ್ಚುಕಟ್ಟಾಗಿ ಕೂತಿತ್ತು.

ಹನ್ನೊಂದನೇ ಹೋಲಿನ ಹತ್ತಿರ ಬಂದರೆ ಕಾಡುಹಂದಿಗಳು ಹುಳು ಹುಡುಕಿಕೊಂಡು, ಗ್ರೀನಿನವರೆಗೆ ಹುಲ್ಲು ಕತ್ತರಿಸಿಟ್ಟ ಆಟದ ಹಾದಿಯಾದ ಫೇರ್‌ವೇಯನ್ನು ಉತ್ತು ಹಾಕಿದ್ದವು. ಹೆಂಗಸರನ್ನು ಕರೆಯೋಣ ಅಂದರೆ ಅಷ್ಟರಲ್ಲಿ ರಾಗಿ ಕೊಯ್ಲು ಶುರುವಾಗಿತ್ತು. ಆ ವಾರ ಕೆಲಸಕ್ಕೆ ಬಂದವರು ನಾಲ್ಕೇ ಜನ. ನಾನೂ ಸನಿಕೆ ಹಿಡಿದೆ.