ಮನೆಯಲ್ಲೇ ಸಿಮ್ ರೇಸಿಂಗ್ ಪೆಡಲ್, ಗೇರ್ ಲಿವರ್: ಮೊದಲು ಬ್ರೇಕ್ ಮಾಡಿ

ಸಿಮ್ ರೇಸಿಂಗ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ನಿಜವಾದ ಕಾರಿನ ಹಾಗೆ ಓಡಿಸುವ ರೇಸ್ ಆಟಕ್ಕೆ, ಸ್ಟೀರಿಂಗ್ ತಗೊಂಡ ಮೇಲೆ ಬಹಳ ಜನ ಮೊದಲು ಗೇರ್ ಲಿವರ್ ಮಾಡಲು ಹೊರಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಕೈಗೂ ಖುಷಿ ಕೊಡುತ್ತದೆ, ನಿಜ. ಆದರೆ ನನ್ನ ಮಾತು ಕೇಳಿ, ಬ್ರೇಕ್ ಪೆಡಲಿನಿಂದ ಶುರು ಮಾಡಿ. ಲ್ಯಾಪ್ ಟೈಮ್ ಸುಧಾರಿಸುವುದು ಅಲ್ಲಿ.

ಯಾಕೆ ಅಂದರೆ, ನಿಜವಾದ ಕಾರಿನಲ್ಲಿ ಬ್ರೇಕ್ ಪೆಡಲ್ ಸ್ವಲ್ಪ ದೂರ ಹೋಗುತ್ತಲೇ ಗಟ್ಟಿಯಾಗಿಬಿಡುತ್ತದೆ. ಅಲ್ಲಿಂದ ಮುಂದೆ ಪೆಡಲ್ ಹೆಚ್ಚು ಸರಿಯುವುದಿಲ್ಲ, ನೀವು ಎಷ್ಟು ಜೋರಾಗಿ ತುಳಿಯುತ್ತೀರೋ ಅಷ್ಟು ಬ್ರೇಕ್ ಬೀಳುತ್ತದೆ. ಸಾಧಾರಣ ಗೇಮಿಂಗ್ ಪೆಡಲ್‌ಗಳು ಅಳೆಯುವುದು ಬಲವನ್ನಲ್ಲ, ಪೆಡಲ್ ಎಷ್ಟು ದೂರ ಹೋಯಿತು ಅನ್ನುವುದನ್ನು. ಕಾಲಿಗೆ ದೂರ ಅಷ್ಟಾಗಿ ನೆನಪಿರುವುದಿಲ್ಲ, ಬಲ ನೆನಪಿರುತ್ತದೆ. ನಾನು ಮೊದಲು ಮಾಡಿದ ಸೆಟ್‌ನಲ್ಲಿ ಮೂರೂ ಪೆಡಲಿಗೆ ಪೊಟೆನ್ಶಿಯೋಮೀಟರ್ (ಎಷ್ಟು ತಿರುಗಿತು ಅಂತ ಅಳೆಯುವ, ವಾಲ್ಯೂಮ್ ಗುಂಡಿಯಂಥ ಭಾಗ) ಹಾಕಿದ್ದೆ. ಅದೇ ತಿರುವು, ಅದೇ ಜಾಗದಲ್ಲಿ ಬ್ರೇಕ್, ಆದರೂ ಒಂದು ಲ್ಯಾಪಿನಲ್ಲಿ ಚಕ್ರ ಲಾಕ್ ಆಗುತ್ತಿತ್ತು, ಇನ್ನೊಂದರಲ್ಲಿ ಕಾರು ನಿಲ್ಲದೆ ಹೊರಗೆ ಹೋಗುತ್ತಿತ್ತು. ಬ್ರೇಕಿಗೆ ಬಲ ಅಳೆಯುವ ಲೋಡ್ ಸೆಲ್ ಹಾಕಿದ ಮೇಲೆ ಒಂದೇ ವಾರದಲ್ಲಿ ಕಾಲು ತಾನಾಗಿಯೇ ಕಲಿತುಕೊಂಡಿತು.

ಬೋರ್ಡ್ ಯಾವುದು

ಪೆಡಲ್, ಲಿವರಿನ ಅಳತೆಗಳನ್ನು ಓದಿ ಕಂಪ್ಯೂಟರಿಗೆ ಕಳಿಸಲು ನಾವೇ ಕೋಡ್ ಬರೆದು ಹಾಕುವ ಒಂದು ಸಣ್ಣ ಬೋರ್ಡ್ ಬೇಕು. ಆರ್ಡುವಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತಗೊಳ್ಳಿ. ಎರಡರಲ್ಲೂ ಇರುವುದು ಎಟಿಮೆಗಾ32ಯು4 ಚಿಪ್. ಯುಎಸ್‌ಬಿ ಕೆಲಸವನ್ನು ಆ ಚಿಪ್ಪೇ ಮಾಡುತ್ತದೆ, ಹಾಗಾಗಿ ಕಂಪ್ಯೂಟರ್ ಇದನ್ನು ನೇರವಾಗಿ ಜಾಯ್‌ಸ್ಟಿಕ್ ಅಂತ ಗುರುತಿಸುತ್ತದೆ. ಮನೆಯಲ್ಲಿ ಹಳೆಯ ಆರ್ಡುವಿನೊ ಯುನೊ (ಆರ್3) ಬಿದ್ದಿದೆ, ಅದನ್ನೇ ಬಳಸೋಣ ಅಂತ ಹೊರಡಬೇಡಿ. ಅದರ ಮುಖ್ಯ ಚಿಪ್‌ಗೆ ಯುಎಸ್‌ಬಿ ಬರುವುದಿಲ್ಲ, ಸುತ್ತುದಾರಿ ಹಿಡಿಯಬೇಕಾಗುತ್ತದೆ. ಇದಕ್ಕೆ ಬೇಕಾದ ಸಿದ್ಧ ಕೋಡ್, ಅಂದರೆ ಜಾಯ್‌ಸ್ಟಿಕ್ ಲೈಬ್ರರಿ, ಉಚಿತವಾಗಿ ಸಿಗುತ್ತದೆ. ಮೂರು ಪೆಡಲ್, ಏಳು ಗೇರ್ ಸ್ವಿಚ್, ಎಲ್ಲವೂ ಒಂದೇ ಪ್ರೊ ಮೈಕ್ರೊದಲ್ಲಿ ಹಿಡಿಸುತ್ತವೆ.

ಬ್ರೇಕ್

ಲೋಡ್ ಸೆಲ್ ಅಂದರೆ ಒತ್ತಿದಾಗ ಕಣ್ಣಿಗೆ ಕಾಣದಷ್ಟು ಬಾಗುವ ಲೋಹದ ತುಂಡು. ಆ ಬಾಗುವಿಕೆಯನ್ನು ಮೇಲೆ ಅಂಟಿಸಿರುವ ತಂತಿಗಳು ಅಳೆಯುತ್ತವೆ. ತೂಕದ ಯಂತ್ರದ ಒಳಗಿರುವುದೂ ಇದೇ. ಬರುವ ಸಿಗ್ನಲ್ ತೀರಾ ಸಣ್ಣದು, ಅದಕ್ಕೇ ಅದನ್ನು ಹಿಗ್ಗಿಸಿ ಅಂಕೆಯಾಗಿ ಬದಲಿಸುವ ಎಚ್‌ಎಕ್ಸ್711 ಅನ್ನುವ ಪುಟ್ಟ ಬೋರ್ಡ್ ನಡುವೆ ಬೇಕು.

ಎಷ್ಟು ಕೆಜಿಯ ಲೋಡ್ ಸೆಲ್ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಸುಮ್ನೆ ಅಂದಾಜಿಗೆ ತಗೊಳ್ಳಬೇಡಿ. ಪೆಡಲ್ ಕೆಳಗೆ ಒಂದು ಕೀಲಿನ ಮೇಲೆ ತಿರುಗುತ್ತದೆ ಅಂದುಕೊಳ್ಳಿ. ಕೀಲಿನಿಂದ ಪಾದ ತಾಗುವ ಜಾಗಕ್ಕೆ 200 ಮಿಮೀ, ಕೀಲಿನಿಂದ ಲೋಡ್ ಸೆಲ್ ಒತ್ತುವ ಜಾಗಕ್ಕೆ 80 ಮಿಮೀ. 200 ಭಾಗಿಸು 80, ಅಂದರೆ ಎರಡೂವರೆ ಪಟ್ಟು. ನೀವು 20 ಕೆಜಿ ಬಲದಲ್ಲಿ ತುಳಿದರೆ ಲೋಡ್ ಸೆಲ್ ಮೇಲೆ 50 ಕೆಜಿ ಬೀಳುತ್ತದೆ. ಬೆನ್ನಿಗೆ ಗಟ್ಟಿ ಸೀಟ್ ಇದ್ದರೆ ಕಾಲು 40 ಕೆಜಿಯನ್ನೂ ಆರಾಮಾಗಿ ಕೊಡುತ್ತದೆ, ಆಗ ಅಲ್ಲಿ 100. ಇಂಥ ಕಡೆ 20 ಕೆಜಿಯದ್ದು ಇಟ್ಟರೆ ಅದು ಬಾಗಿ ಹಾಳಾಗುತ್ತದೆ, ಮತ್ತೆ ಸೊನ್ನೆಗೆ ಬರುವುದಿಲ್ಲ. ನಿಮ್ಮ ಪೆಡಲಿನ ಅಳತೆ ಹಾಕಿ ನೋಡಿ, ಬಂದ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲಿನದ್ದೇ ತಗೊಳ್ಳಿ.

ಪಟ್ಟಿಯಂಥ ಲೋಡ್ ಸೆಲ್ ಆದರೆ ಒಂದು ತುದಿ ಬೋಲ್ಟ್ ಹಾಕಿ ಬಿಗಿಯಬೇಕು, ಇನ್ನೊಂದು ತುದಿ ಗಾಳಿಯಲ್ಲಿರಬೇಕು. ಕೆಳಗೆ ಎರಡು ವಾಷರ್ ಇಟ್ಟು ಎತ್ತರಿಸದಿದ್ದರೆ ಇಡೀ ಪಟ್ಟಿ ಹಲಗೆಗೆ ಅಂಟಿಕೊಂಡು ಕೂರುತ್ತದೆ, ಏನನ್ನೂ ಅಳೆಯುವುದಿಲ್ಲ. ಮೇಲೆ ಬಾಣದ ಗುರುತು ಇದ್ದರೆ ಬಲ ಅದೇ ದಿಕ್ಕಿನಲ್ಲಿ ಬೀಳಲಿ.

ಇನ್ನು ಪೆಡಲಿಗೂ ಲೋಡ್ ಸೆಲ್‌ಗೂ ನಡುವೆ ಏನಿಡುತ್ತೀರಿ ಅನ್ನುವುದು. ಕಾಲಿಗೆ ಸಿಗುವ ಅನುಭವ ಪೂರ್ತಿ ಇದರ ಮೇಲೇ ನಿಂತಿದೆ. ಒಂದು ಮೆತ್ತನೆಯ ಸ್ಪ್ರಿಂಗ್, ಅದರ ಹಿಂದೆ ಗಟ್ಟಿ ರಬ್ಬರ್ ಬುಷ್ ಎರಡು ಮೂರು, ನಡುನಡುವೆ ವಾಷರ್, ಎಲ್ಲವನ್ನೂ ಒಂದು ಉದ್ದ ಬೋಲ್ಟಿಗೆ ಪೋಣಿಸಿ. ಮೊದಲ 10-15 ಮಿಮೀ ಸ್ಪ್ರಿಂಗ್ ಕುಗ್ಗುತ್ತದೆ, ಆಮೇಲೆ ರಬ್ಬರ್ ಎದುರು ನಿಲ್ಲುತ್ತದೆ. ಕಾರಿನ ಬ್ರೇಕ್ ಹಿಡಿಯುವಾಗ ಆಗುವುದೂ ಹೀಗೇ ಅಲ್ವಾ? ರಬ್ಬರ್ ಬದಲಿಸಿ ಬದಲಿಸಿ ನೋಡಿ. ನಾನು ಇಡೀ ಒಂದು ಭಾನುವಾರ ಇದರಲ್ಲೇ ಕಳೆದೆ, ಆ ಹೊತ್ತು ದಂಡ ಆಗಲಿಲ್ಲ.

ಈಗ ಒಂದು ಮುಖ್ಯ ವಿಷಯ. ಎಚ್‌ಎಕ್ಸ್711 ಬೋರ್ಡ್‌ಗಳು ಹೆಚ್ಚಾಗಿ ಸೆಕೆಂಡಿಗೆ 10 ಸಲ ಮಾತ್ರ ಅಳತೆ ಕೊಡುವ ಹಾಗೆ ಬರುತ್ತವೆ. ತೂಕ ನೋಡಲು ಅದು ಸಾಕು, ರೇಸಿಗೆ ಸಾಲದು. ಗಂಟೆಗೆ 200 ಕಿಮೀ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಓಡುತ್ತದೆ. ಅಂದರೆ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಐದೂವರೆ ಮೀಟರ್ ಕಳೆದುಹೋಯಿತು. ಅದೇ ಚಿಪ್ ಸೆಕೆಂಡಿಗೆ 80 ಸಲವೂ ಅಳೆಯುತ್ತದೆ, ಅದರ 15ನೇ ಕಾಲಿಗೆ (ಚಿಪ್ಪಿನ ಪಿನ್‌ಗೆ) ವೋಲ್ಟೇಜ್ ಕೊಟ್ಟರೆ ಸಾಕು. ಬಹಳಷ್ಟು ಬೋರ್ಡ್‌ಗಳಲ್ಲಿ ಈ ಕಾಲು ನೆಲಕ್ಕೆ, ಅಂದರೆ ಗ್ರೌಂಡ್‌ಗೆ ಸೇರಿರುತ್ತದೆ. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ನಿನಿಂದ ಆ ಒಂದು ಕಾಲನ್ನು ಬಿಸಿ ಮಾಡಿ, ಗುಂಡುಸೂಜಿಯಿಂದ ಮೆಲ್ಲಗೆ ಮೇಲೆತ್ತಿ. ಪಕ್ಕದ 16ನೇ ಕಾಲಿಗೆ ಹೇಗೂ ವೋಲ್ಟೇಜ್ ಬರುತ್ತಿರುತ್ತದೆ, ಎತ್ತಿದ ಕಾಲನ್ನು ಅದಕ್ಕೆ ಒಂದು ಹನಿ ಬೆಸುಗೆಯಿಂದ ಸೇರಿಸಿ. ಚಿಪ್ಪಿನ ಈ ಕಾಲು ತೀರಾ ಸಪೂರ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಹಾಗಾಗಿ ಒಂದೇ ಸಲಕ್ಕೆ ಎತ್ತಿ ಬಿಟ್ಟುಬಿಡಿ.

ಕೋಡ್ ಬರೆಯುವಾಗಲೂ ಒಂದು ಎಚ್ಚರಿಕೆ. ಹೊಸ ಅಳತೆ ಸಿದ್ಧವಾಗಿದೆಯಾ ಅಂತ ಮೊದಲು ಕೇಳಿ, ಸಿದ್ಧವಿದ್ದರೆ ಮಾತ್ರ ಓದಿಸಿ. ಹಾಗೆ ಮಾಡದಿದ್ದರೆ ಬೋರ್ಡ್ ಬ್ರೇಕಿಗಾಗಿ ಕಾಯುತ್ತಾ ಕೂರುತ್ತದೆ, ಅಷ್ಟು ಹೊತ್ತು ಆಕ್ಸಿಲರೇಟರೂ ಗೇರೂ ಸ್ತಬ್ಧ.

ಆಕ್ಸಿಲರೇಟರ್, ಕ್ಲಚ್

ಇಲ್ಲಿ ದೂರ ಅಳೆದರೆ ಸಾಕು. ಪೊಟೆನ್ಶಿಯೋಮೀಟರ್ ಹಾಕುವುದು ಸುಲಭ, ಆದರೆ ಎರಡು ತೊಂದರೆ ಇವೆ. ಒಳಗೆ ಉಜ್ಜಿ ಉಜ್ಜಿ ಸವೆಯುತ್ತದೆ, ಧೂಳು ಹೋದರೆ ಅಂಕೆ ಕುಣಿಯಲು ಶುರು. ಇನ್ನೊಂದು, ಅದು ಸುಮಾರು 300 ಡಿಗ್ರಿ ತಿರುಗುತ್ತದೆ, ಪೆಡಲ್ ತಿರುಗುವುದು 30 ಡಿಗ್ರಿ. ಬೋರ್ಡ್ ಕೊಡುವ 0ಯಿಂದ 1023ರ ಅಂಕೆಗಳಲ್ಲಿ ನಿಮಗೆ ಸಿಗುವುದು ನೂರು ಚಿಲ್ಲರೆ ಮಾತ್ರ. ಇದನ್ನೇ ಹಾಕುವುದಾದರೆ ಹಲ್ಲಿನ ಚಕ್ರ ಅಥವಾ ಸಣ್ಣ ಸನ್ನೆ ಸೇರಿಸಿ ತಿರುಗುವಿಕೆ ಹೆಚ್ಚಿಸಿ, ತಗೊಳ್ಳುವಾಗ ಬಿ10ಕೆ ಅಂತ ಬರೆದಿರುವುದನ್ನು ತಗೊಳ್ಳಿ. ಎ10ಕೆ ವಾಲ್ಯೂಮ್ ಕಂಟ್ರೋಲಿಗೆ ಮಾಡಿದ್ದು, ಸಮನಾಗಿ ಏರುವುದಿಲ್ಲ.

ನನಗೆ ಇಷ್ಟವಾದದ್ದು ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಬಲವನ್ನು ಅಳೆಯುವ ಸೆನ್ಸರ್. ಒಂದು ಆಯಸ್ಕಾಂತ, ಒಂದು ಸೆನ್ಸರ್, ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. 49ಇ ಅನ್ನುವ ಲೀನಿಯರ್, ಅಂದರೆ ಸಮನಾಗಿ ಏರಿಳಿಯುವ, ಮಾದರಿ ಕೇಳಿ ತಗೊಳ್ಳಿ. 3144 ನೋಡಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಆದರೆ ಅದು ಬರೀ ಆನ್, ಆಫ್ ಸ್ವಿಚ್. 5 ವೋಲ್ಟ್ ಕೊಟ್ಟಾಗ, ಆಯಸ್ಕಾಂತ ಹತ್ತಿರ ಇಲ್ಲದಿದ್ದರೆ 49ಇ ಸುಮಾರು ಎರಡೂವರೆ ವೋಲ್ಟ್ ತೋರಿಸುತ್ತದೆ. ಒಂದು ಧ್ರುವ ತಂದರೆ ಏರುತ್ತದೆ, ಇನ್ನೊಂದು ತಂದರೆ ಇಳಿಯುತ್ತದೆ. ಒಂದೇ ಆಯಸ್ಕಾಂತವನ್ನು ಹತ್ತಿರ ತಂದು ದೂರ ಒಯ್ದರೆ, ತೀರಾ ಹತ್ತಿರ ಬಂದಾಗ ಅಂಕೆ ಒಮ್ಮೆಲೇ ಹಾರುತ್ತದೆ. ಅದಕ್ಕೆ ಎರಡು ಆಯಸ್ಕಾಂತಗಳನ್ನು ವಿರುದ್ಧ ಧ್ರುವಗಳು ಎದುರುಬದುರಾಗುವಂತೆ ಕೀಲಿನ ಎರಡು ಬದಿಗೆ ಇಟ್ಟು, ನಟ್ಟನಡುವೆ ಸೆನ್ಸರ್ ನಿಲ್ಲಿಸಿ. ಆಯಸ್ಕಾಂತಗಳು ಪೆಡಲಿನ ಜೊತೆ ತಿರುಗಲಿ, ಸೆನ್ಸರ್ ಕದಲದಿರಲಿ. ಹೀಗಿಟ್ಟರೆ ಏರಿಳಿತ ಸಮನಾಗಿ ಬರುತ್ತದೆ.

ಕ್ಲಚ್ ಕೂಡ ಇದೇ, ಸ್ಪ್ರಿಂಗ್ ಮಾತ್ರ ಸ್ವಲ್ಪ ಬಿಗಿ ಇರಲಿ.

ಮೂರೂ ಪೆಡಲ್ ಇರುವ ಹಲಗೆ 18 ಮಿಮೀ ಪ್ಲೈವುಡ್ ಆದರೆ ಸಾಕು, ಆದರೆ ಅದು ಸೀಟಿಗೆ ಕಟ್ಟಿಕೊಂಡಿರಬೇಕು. 40 ಕೆಜಿ ತುಳಿದಾಗ ಹಲಗೆ ಮುಂದೆ ಜಾರುತ್ತದೆ, ಗಾಲಿ ಕುರ್ಚಿ ಹಿಂದೆ ಓಡುತ್ತದೆ. ಎರಡನ್ನೂ ಒಂದೇ ಚೌಕಟ್ಟಿಗೆ ಬೋಲ್ಟ್ ಮಾಡದೆ ಲೋಡ್ ಸೆಲ್ ಹಾಕುವುದರಲ್ಲಿ ಅರ್ಥವಿಲ್ಲ.

ಗೇರ್ ಲಿವರ್

ಹಿಂದೆ ಮುಂದೆ ಮಾತ್ರ ಆಡುವ, ಒಂದೊಂದೇ ಗೇರ್ ಏರಿಸಿ ಇಳಿಸುವ ಸೀಕ್ವೆನ್ಶಿಯಲ್ ಲಿವರ್ ಒಂದು ಸಂಜೆಯ ಕೆಲಸ. ಒಂದು ಕೀಲು, ಮಧ್ಯಕ್ಕೆ ಎಳೆದುತರುವ ಎರಡು ಸ್ಪ್ರಿಂಗ್, ಎರಡು ಮೈಕ್ರೊ ಸ್ವಿಚ್, ಅಷ್ಟೇ. ‘ಟಕ್’ ಅನ್ನುವ ಅನುಭವ ಬೇಕಾದರೆ ಲಿವರಿನ ಬುಡದಲ್ಲಿ ಕಚ್ಚು ಇರುವ ಒಂದು ತಟ್ಟೆ ಇಟ್ಟು, ಅದಕ್ಕೆ ಸ್ಪ್ರಿಂಗಿನಿಂದ ಬೇರಿಂಗ್ ಒತ್ತಿಕೊಂಡಿರುವ ಹಾಗೆ ಮಾಡಿ. ಬೇರಿಂಗ್ ಕಚ್ಚಿನಿಂದ ಎದ್ದು ದಾಟುವಾಗಲೇ ಆ ಟಕ್.

ಸಾಮಾನ್ಯ ಕಾರಿನಂತೆ ಪ್ರತಿ ಗೇರಿಗೂ ಬೇರೆ ಜಾಗವಿರುವ ಎಚ್ ಆಕಾರದ್ದು ಕಷ್ಟ, ಆದರೆ ಮಾಡಲೇಬೇಕಾದದ್ದು. ಲಿವರ್ ಎಲ್ಲ ಕಡೆ ವಾಲಬೇಕು, ಅದಕ್ಕೆ ಕೀಲಾಗಿ ರಾಡ್ ಎಂಡ್ ಬೇರಿಂಗ್ (ಒಳಗಿನ ಗುಂಡು ಎಲ್ಲ ಕಡೆ ವಾಲುವ ಬೇರಿಂಗ್) ಹಾಕಿ. ಮೇಲೆ 3 ಮಿಮೀ ಅಲ್ಯೂಮಿನಿಯಂ ತಟ್ಟೆಯಲ್ಲಿ ಗೇರಿನ ದಾರಿ ಕೊರೆಯಿರಿ, ದಾರಿಯ ಅಗಲ ಲಿವರಿನ ಸಲಾಕೆಗಿಂತ ಅರ್ಧ ಮಿಮೀ ಜಾಸ್ತಿ ಇರಲಿ. ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಈ ಉಜ್ಜುವುದರಲ್ಲಿ ಅವಸರ ಬೇಡ: ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಸಲಾಕೆ ಎಲ್ಲೂ ತಡೆಯದೆ ಜಾರಿದರೆ ಸರಿಯಾಯಿತು ಅಂತ ಲೆಕ್ಕ. ಎರಡು ಬದಿಯ ಸ್ಪ್ರಿಂಗ್ ಲಿವರನ್ನು ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸಬೇಕು.

ಪ್ರತಿ ದಾರಿಯ ಕೊನೆಗೆ ಒಂದು ಮೈಕ್ರೊ ಸ್ವಿಚ್. ಲಿವರ್ ಕೊನೆಗೆ ಬಡಿದು ನಿಲ್ಲುವುದು ತಟ್ಟೆಯ ಅಂಚಿಗೆ ಆಗಿರಬೇಕು, ಸ್ವಿಚ್ಚಿಗೆ ಅಲ್ಲ. ಅದಕ್ಕೂ 2 ಮಿಮೀ ಮೊದಲೇ ಸ್ವಿಚ್ ಒತ್ತಿಕೊಂಡಿರಲಿ. ಸ್ವಿಚ್ಚಿನ ಒಂದು ತಂತಿ ಬೋರ್ಡಿನ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ, ಬೋರ್ಡಿನ ಒಳಗಿನ ಪುಲ್‌ಅಪ್ (ಸ್ವಿಚ್ ಒತ್ತದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಕೋಡಿನಲ್ಲಿ ಆನ್ ಮಾಡಿ. ಸ್ವಿಚ್ ಮುಚ್ಚುವಾಗ ಒಳಗಿನ ಪತ್ತಿ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ, ಆದ್ದರಿಂದ 10 ಮಿಲಿಸೆಕೆಂಡ್ ಸ್ಥಿರವಾಗಿದ್ದರೆ ಮಾತ್ರ ಗೇರ್ ಬಿತ್ತು ಅಂತ ಒಪ್ಪಿಕೊಳ್ಳುವ ಹಾಗೆ ಬರೆಯಿರಿ. ಎಚ್ ಗೇರಿನಲ್ಲಿ ಲಿವರ್ ಇರುವಷ್ಟು ಹೊತ್ತೂ ಬಟನ್ ಒತ್ತಿಕೊಂಡೇ ಇರಬೇಕು, ಬಿಟ್ಟರೆ ಗೇಮ್ ಅದನ್ನು ನ್ಯೂಟ್ರಲ್ ಅಂತ ತಿಳಿಯುತ್ತದೆ.

ಎಲ್ಲ ಸೇರಿಸಿದ ಮೇಲೆ ಗೇಮ್ ತೆರೆಯುವ ಮುಂಚೆ ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಒಂದೊಂದೇ ಪೆಡಲ್ ತುಳಿದು ನೋಡಿ. ಕಾಲು ಇಡದಿದ್ದಾಗಲೂ ಬ್ರೇಕ್ ಸ್ವಲ್ಪ ತೋರಿಸಿದರೆ ಸ್ಪ್ರಿಂಗ್, ರಬ್ಬರ್ ಪೋಣಿಸಿದ ಬೋಲ್ಟ್ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ, ಆಮೇಲೂ ಉಳಿದರೆ ಸಣ್ಣ ಡೆಡ್‌ಝೋನ್, ಅಂದರೆ ಆರಂಭದ ಸಣ್ಣ ಅಂಕೆಗಳನ್ನು ಲೆಕ್ಕಕ್ಕೆ ತಗೊಳ್ಳದ ಜಾಗ, ಕೊಡಿ. ಪೂರ್ತಿ ಬ್ರೇಕ್ ಅನ್ನುವುದನ್ನು ನಿಮ್ಮ ಕಾಲಿನ ಗರಿಷ್ಠ ಬಲಕ್ಕೆ ಹೊಂದಿಸಬೇಡಿ, ಅರ್ಧ ಗಂಟೆ ಓಡಿಸಿದ ಮೇಲೂ ಸುಸ್ತಾಗದೆ ತುಳಿಯಬಲ್ಲಷ್ಟಕ್ಕೆ ಹೊಂದಿಸಿ. ಎಲ್ಲ ಕಡೆ ಒಳಗೆ ನೈಲಾನ್ ಉಂಗುರ ಇರುವ ನಟ್ಟುಗಳನ್ನೇ ಬಳಸಿ, ಮೊದಲ ವಾರ ದಿನಾ ಒಮ್ಮೆ ಸ್ಪ್ಯಾನರ್ ಹಿಡಿದು ಬ್ರೇಕಿನ ಕೀಲು ನೋಡಿ, ಮೊದಲು ಸಡಿಲವಾಗುವುದು ಅದೇ.