ರಾಗಿ ಸರಿ ಉಣಿಸುವ ಹೊತ್ತು

ಮಗುವಿಗೆ ಆರು ತಿಂಗಳು ತುಂಬಿ, ಎದೆಹಾಲಿನ ಜೊತೆಗೆ ರಾಗಿ ಸರಿ ಆರಂಭವಾದ ದಿನದಿಂದ ಮನೆಯ ನೆಲ, ಗೋಡೆ, ತಾಯಿಯ ಸೆರಗು, ಮಗುವಿನ ಹುಬ್ಬು ಎಲ್ಲವೂ ರಾಗಿಯ ಬಣ್ಣಕ್ಕೆ ತಿರುಗುತ್ತವೆ. ಇದನ್ನು ತಪ್ಪಿಸಲು ಅನೇಕರು ಮಗುವಿನ ಕೈ ಹಿಡಿದುಕೊಂಡು ಉಣಿಸುತ್ತಾರೆ. ಆದರೆ ಮುಟ್ಟಿ, ಹಿಸುಕಿ, ಬಾಯಿಗೆ ಒಯ್ದು ನೋಡಿಯೇ ಮಗು ಊಟವನ್ನು ಕಲಿಯುವುದರಿಂದ, ಚೆಲ್ಲದಂತೆ ತಡೆಯುವ ಬದಲು ಚೆಲ್ಲಿದರೂ ಸುಲಭವಾಗಿ ಒರೆಸುವಂತೆ ಸಿದ್ಧತೆ ಮಾಡಿಕೊಳ್ಳಬೇಕು.

ಮೊದಲು ಹಿಟ್ಟು. ರಾಗಿಯನ್ನು ಆರಿಸಿ, ನಾಲ್ಕೈದು ಬಾರಿ ತೊಳೆದು, ರಾತ್ರಿಯಿಡೀ ನೆನೆಸಿ, ನೀರು ಬಸಿದು ತೆಳುವಾದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಬೇಕು. ಒಂದೆರಡು ದಿನಗಳಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಲೋಳೆಯಾಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಮರುಕವಿಲ್ಲದೆ ಎಸೆಯಬೇಕು. ಮೊಳಕೆಯನ್ನು ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿಡಬೇಕು. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಂಟಾಗದು, ಹೀಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಇದು ದೊಡ್ಡ ಲಾಭ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆಯಾದರೂ, ಅದರ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಆದ್ದರಿಂದ ರಾಗಿಯೊಂದನ್ನೇ ನಂಬದೆ ನುಣ್ಣಗೆ ಬೆಂದ ಬೇಳೆ, ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸಗಳನ್ನೂ ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವಂತೂ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಹುದಾದ್ದರಿಂದ ನಾಲಿಗೆಗೆ ಸವರುವುದೂ ಕೂಡದು.

ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡು, ಬಿಡದೆ ತಿರುವುತ್ತ ಚೆನ್ನಾಗಿ ಬೇಯಿಸಿ, ಚಮಚವನ್ನು ಓರೆ ಮಾಡಿದರೆ ನೀರಿನಂತೆ ಸುರಿಯದಷ್ಟು ಗಟ್ಟಿಯಾಗಿ ಇಳಿಸಬೇಕು. ಎರಡು ಮೂರು ಚಮಚದಿಂದ ಆರಂಭಿಸಿ, ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ ಉಣಿಸಬಹುದು.

ಊಟದ ಹೊತ್ತಿಗೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅಂಗಿ ಬಿಚ್ಚಿ, ಮಗುವನ್ನು ನೆಟ್ಟಗೆ ಕೂರಿಸಿ, ಅದರ ಕೈಗೂ ಒಂದು ಚಮಚ ಕೊಡಿ. ನಿಮ್ಮ ಚಮಚ ಬಾಯಿಯ ಮುಂದೆ ನಿಲ್ಲಲಿ, ಬಾಯಿ ತೆರೆಯುವುದು ಮಗುವಿಗೆ ಬಿಟ್ಟದ್ದು. ಏನನ್ನು, ಯಾವಾಗ ಎಂಬುದು ಹಿರಿಯರ ನಿರ್ಧಾರ. ಎಷ್ಟು ಎಂಬುದು ಮಗುವಿನದು. ತುಟಿ ಬಿಗಿಹಿಡಿದರೆ, ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ. ಇಂದು ಉಗುಳಿದ್ದನ್ನು ಮತ್ತೆ ಮತ್ತೆ, ಹತ್ತು ಬಾರಿಯಾದರೂ ಕೊಟ್ಟು ನೋಡದೆ ಮಗುವಿಗೆ ಅದು ಸೇರುವುದಿಲ್ಲವೆಂದು ತೀರ್ಮಾನಿಸಬಾರದು. ಮೊಬೈಲ್ ತೋರಿಸಿದರೆ ಬಟ್ಟಲು ಖಾಲಿಯಾಗುತ್ತದೆ ನಿಜ, ಆದರೆ ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯುವುದಿಲ್ಲ.

ಅಜ್ಜಿಯರೊಂದಿಗೆ ಮೃದುವಾಗಿಯೇ ಹೇಳಬೇಕಾದ ಮಾತೊಂದಿದೆ. ಕಾಲಮೇಲೆ ಮಲಗಿಸಿ, ಅಳುವ ಬಾಯಿಗೆ ಒಳಲೆಯಲ್ಲಿ ಸರಿ ಹೊಯ್ಯುವುದು ಪ್ರೀತಿಯಿಂದಲೇ ನಡೆದು ಬಂದಿದ್ದರೂ, ಅಳುವಾಗ ಎಳೆದ ಉಸಿರಿನೊಂದಿಗೆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು. ಮಗು ಓಕರಿಸಿ ಕೆಮ್ಮಿದರೆ ಗಾಬರಿ ಬೇಡ, ಅದೇ ಹೊರಹಾಕುತ್ತದೆ. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ ಐದು ಪೆಟ್ಟು, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು ಕೊಡುತ್ತಿರಬೇಕು, ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು.

ಎಂಜಲು ಚಮಚ ಮುಟ್ಟಿದ ಉಳಿಕೆಯನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ. ನೆಲದ ರಾಗಿಯನ್ನು ಹಸಿಯಿರುವಾಗಲೇ ಒರೆಸಿ. ಒಣಗಿ ಅಂಟಿದ್ದರೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿಡಿ, ತಾನಾಗಿ ಬಿಡುತ್ತದೆ.