ಬೂಷ್ಟು ಹಿಡಿದ ಪ್ಲೇಟಿಗೆ ಫೆವಿಕಾಲ್

ಬೂಷ್ಟು ಹಿಡಿದ ಗ್ರಾಮಫೋನ್ ಪ್ಲೇಟಿಗೆ ಫೆವಿಕಾಲ್ ಬಳಿದು, ಒಣಗಿದ ಮೇಲೆ ಸುಲಿದರೆ ಕೊಳೆಯೂ ಎದ್ದು ಬರುತ್ತದೆ ಎಂಬ ಮಾತು ತೆಗೆದಾಗಲೆಲ್ಲ ನಕ್ಕವರೇ ಹೆಚ್ಚು. "ಪ್ಲೇಟು ತೊಳೆಯುತ್ತೀರೋ, ಮಂಚಕ್ಕೆ ಅಂಟಿಸುತ್ತೀರೋ?" ಎಂದು ಕೇಳಿದ ಹಿರಿಯರ ಮನೆಯಲ್ಲಿ ಮೂರು ಸಾವಿರ ಪ್ಲೇಟುಗಳಿವೆ. ನನ್ನಲ್ಲಿ ಆಗ ಇದ್ದದ್ದು ಇನ್ನೂರೋ ಇನ್ನೂರಿಪ್ಪತ್ತೋ. ಬಾಯಿ ಮುಚ್ಚಿಕೊಂಡಿದ್ದೆ. ಕಳೆದ ಎರಡು ಬೇಸಿಗೆಯಲ್ಲಿ ಸುಮಾರು 140 ಪ್ಲೇಟುಗಳಿಗೆ ಅಂಟು ಬಳಿದಿದ್ದೇನೆ, ನೂರರ ಮೇಲೆ ನೆಟ್ಟಗೆ ಹಾಡುತ್ತಿವೆ. ಇನ್ನು ಬಾಯಿ ತೆರೆಯಬಹುದು.

ನನ್ನ ಕಟ್ಟಳೆ ಒಂದೇ: ಪ್ಲೇಟಿಗೆ ನೂರು ರೂಪಾಯಿ ದಾಟಬಾರದು. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಾಗಲಿ, ಗುಜರಿಯವರ ಗೋಣಿಚೀಲದಲ್ಲಾಗಲಿ ಆ ಬೆಲೆಗೆ ಸಿಗುವುದು ಒಂದೋ ಸವೆದದ್ದು, ಇಲ್ಲವೋ ಬೂಷ್ಟು ಹಿಡಿದದ್ದು. ಸವೆತಕ್ಕೆ ಮದ್ದಿಲ್ಲ. ಪ್ಲೇಟನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಹಳೆಯ ಪೆಟ್ಟಿಗೆ ಪ್ಲೇಯರುಗಳ ಭಾರದ ಮುಳ್ಳು ಉತ್ತು ಹಾಕಿದ್ದರೆ, ಹಾಡು ಜೋರಾಗುವ ಜಾಗದಲ್ಲಿ ಗೆರೆಗಳ ಗುಂಟ ಬೂದಿ ಬಣ್ಣ ಕಾಣುತ್ತದೆ. ಬೂಷ್ಟು ಹಾಗಲ್ಲ, ಗೆರೆಯ ಹಂಗಿಲ್ಲದೆ ಚುಕ್ಕೆ ಚುಕ್ಕೆಯಾಗಿ ಹಬ್ಬಿರುತ್ತದೆ. ಸಿನಿಮಾ ಹಾಡಿನ ಚಿಕ್ಕ ಪ್ಲೇಟುಗಳಾದ ಇಪಿಗಳನ್ನು ಜನ ಹಾಕಿ ಹಾಕಿ ತೇಯ್ದಿರುತ್ತಾರೆ. ಶಾಸ್ತ್ರೀಯ ಸಂಗೀತದ ದೊಡ್ಡ ಪ್ಲೇಟುಗಳಾದ ಎಲ್‌ಪಿಗಳು ಯಾರದೋ ಮದುವೆಗೆ ಉಡುಗೊರೆಯಾಗಿ ಬಂದು, ಬೀರುವಿನಲ್ಲೇ ನಲವತ್ತು ವರ್ಷ ಮಲಗಿದಂಥವು. ಕೋಲ್ಕತ್ತದ ಡಂಡಂನಲ್ಲಿದ್ದ ಎಚ್‌ಎಂವಿ ಕಾರ್ಖಾನೆಯ ಇಸಿಎಸ್‌ಡಿ ಸಂಖ್ಯೆಯ ಸ್ಟೀರಿಯೋ ಪ್ಲೇಟು ಬೂಷ್ಟು ಹಿಡಿದು ಎಪ್ಪತ್ತು ರೂಪಾಯಿಗೆ ಸಿಕ್ಕರೆ ಬೆಲೆ ಇಳಿಸಲೂ ಹೋಗಬೇಡಿ, ಕೊಟ್ಟು ಹೊರಡಿ.

ಕಳೆದುಕೊಂಡದ್ದರ ಲೆಕ್ಕವೂ ಇದೆ. ಮೊದಲು ಅಂಟುವಾಳದ ನೀರಿನಲ್ಲಿ ಏಳೆಂಟು ಪ್ಲೇಟು ತೊಳೆದೆ. ರೇಷ್ಮೆ ಸೀರೆಗೆ ಆಗುವುದು ಪ್ಲೇಟಿಗೆ ಏಕಾಗದು ಎಂಬ ತರ್ಕ. ನೋಡಲು ಮಿರಮಿರ ಮಿಂಚಿದವು, ಆದರೆ ಎರಡನೇ ಹಾಡಿನ ಹೊತ್ತಿಗೆ ಮುಳ್ಳಿನ ತುದಿಯಲ್ಲಿ ಕಂದು ಉಂಡೆ. ಆಮೇಲೆ ಏಪ್ರಿಲ್ ತಿಂಗಳಲ್ಲಿ ನಾಲ್ಕು ಎಲ್‌ಪಿಗಳನ್ನು ಒಣಗಲೆಂದು ತಾರಸಿಯ ಮೇಲಿಟ್ಟು ಊಟಕ್ಕೆ ಕುಳಿತೆ. ಎದ್ದು ಹೋಗಿ ನೋಡಿದರೆ ಹಪ್ಪಳ. ಎರಡು ಗಾಜಿನ ನಡುವೆ ಇಟ್ಟು ನಿಘಂಟುಗಳ ಭಾರ ಹೇರಿದೆ. ತಿಂಗಳು ಕಳೆದ ಮೇಲೆ ಒಂದು ಮಾತ್ರ ಒಂದಿಷ್ಟು ಮಾತು ಕೇಳಿತು.

ಇವೆಲ್ಲ ಚಿಲ್ಲರೆ ನಷ್ಟ. ಹೊಟ್ಟೆ ಉರಿಸಿದ್ದು 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕಾಲದ ಅರಗಿನ, ಒಂದು ಪ್ಲೇಟು. ಲೇಬಲ್ಲಿನಲ್ಲಿ ಗಾಂಧಾರಿ ಎಂದಿತ್ತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಪ್ಲೇಟುಗಳು ಆ ಹೆಸರಿನಲ್ಲೇ ಬಂದವು ಎಂಬುದು ಮಾರುವವನಿಗೆ ಗೊತ್ತಿರಲಿಲ್ಲ. "ಯಾರೋ ಹಳೆಯ ನಾಟಕದವರು ಸ್ವಾಮಿ" ಎಂದು ಅರವತ್ತಕ್ಕೆ ಕೊಟ್ಟ. ಮನೆಗೆ ತಂದವನೇ ಉತ್ಸಾಹದಲ್ಲಿ ಎಲ್‌ಪಿಗೆ ಹಾಕುವ ಸ್ಪಿರಿಟ್ಟನ್ನೇ ಹತ್ತಿಗೆ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ಎಷ್ಟೊಂದು ಕೊಳೆ ಎಂದುಕೊಂಡು ಇನ್ನೂ ಒತ್ತಿ ಒರೆಸಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ! ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಅಷ್ಟೆ. ಅದನ್ನು ಈಗಲೂ ಎಸೆದಿಲ್ಲ.

ಅಂಟಿನ ಕೆಲಸಕ್ಕೆ ಬರುತ್ತೇನೆ. ಇದು ವಿನೈಲಿಗೆ, ಅಂದರೆ ಎಲ್‌ಪಿ, ಇಪಿಗಳ ಪ್ಲಾಸ್ಟಿಕ್ಕಿಗೆ ಮಾತ್ರ, 78ಕ್ಕೆ ಬಳಿಯಬೇಡಿ. ಪ್ಲೇಟನ್ನು ಹಳೆಯ ಪ್ಲೇಯರಿನ ಮೇಲೆ ನಿಧಾನಕ್ಕೆ ತಿರುಗಿಸುತ್ತ, ಸವೆದ ಎಟಿಎಂ ಕಾರ್ಡಿನಿಂದ ಬಳಿಯುತ್ತೇನೆ. ಲೇಬಲ್ಲಿಗೆ ತಾಗಬಾರದು. ತೆಳ್ಳಗೆ ಬಳಿದು ಉಳಿತಾಯ ಮಾಡಲು ಹೋದವನಿಗೆ ಸುಲಿಯುವಾಗ ಚೂರುಚೂರಾಗಿ ಹರಿದು ಬರುತ್ತದೆ. ಒಂದು ಬದಿಗೆ ನಲವತ್ತು ಗ್ರಾಂ ಆದರೂ ಬೇಕು. ಹರಿದರೂ ಗಾಬರಿ ಬೇಡ, ಉಳಿದ ಚೂರಿನ ಮೇಲೆ ಮತ್ತೆ ಬಳಿದರೆ ಹೊಸದರ ಜೊತೆ ಹಳೆಯದೂ ಎದ್ದು ಬರುತ್ತದೆ. ಬಿಳುಪು ಪೂರ್ತಿ ಹೋಗಿ ಗಾಜಿನಂತೆ ಪಾರದರ್ಶಕವಾಗುವ ತನಕ ಕೈ ಹಚ್ಚಬಾರದು. ಮಾರ್ಚಿಯಲ್ಲಾದರೆ ಏಳೆಂಟು ಗಂಟೆ, ಆಷಾಢದಲ್ಲಿ ಎರಡು ದಿನವಾದರೂ ಆಯಿತು. ಅಂಟಿಗೆ ನಾನು ಇನ್ನೊಂದು ಪದಾರ್ಥ ಒಂದೆರಡು ಹನಿ ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ.

ಸುಲಿಯುವಾಗ ಒಂದೇ ಹಾಳೆಯಾಗಿ ಸರ್ರನೆ ಎದ್ದು ಬರುವುದನ್ನು ನೋಡಬೇಕು. ಬೆಳಕಿಗೆ ಹಿಡಿದರೆ ಹಾಳೆಯ ಮೇಲೆ ಗೆರೆಗಳ ಅಚ್ಚು, ಕಾಮನಬಿಲ್ಲಿನ ಬಣ್ಣ, ನಡುವೆ ಬೂಷ್ಟಿನ ಚುಕ್ಕೆ, ಒಮ್ಮೆ ಒಂದು ಇಡೀ ಸೊಳ್ಳೆ ರೆಕ್ಕೆ. ಸುಲಿದ ಕೂಡಲೇ ಮುಳ್ಳು ಇಟ್ಟು "ಇನ್ನೂ ಚಟಪಟ ಎನ್ನುತ್ತಿದೆಯಲ್ಲ" ಎಂದು ಹತಾಶರಾಗಬೇಡಿ. ಸುಲಿದಾಗ ಹುಟ್ಟುವ ವಿದ್ಯುತ್ತು ಕೋಣೆಯ ಧೂಳನ್ನೆಲ್ಲ ಎಳೆದುಕೊಂಡಿರುತ್ತದೆ. ಒದ್ದೆ ಬಟ್ಟೆ ಆಡಿಸಿ, ರಾತ್ರಿ ಬಿಟ್ಟು ಕೇಳಿ.

ಕೇಳಿದ್ದನ್ನು ಬರೆದಿಡುವ ಪುಸ್ತಕವೊಂದಿದೆ. ವ್ಯಾಪಾರಿಗಳ ಇಂಗ್ಲಿಷ್ ದರ್ಜೆಗಳನ್ನು ನಾನು ನಂಬುವುದಿಲ್ಲ. ನನ್ನವು ಮೂರೇ: ಬೆಣ್ಣೆ, ಒಗ್ಗರಣೆ, ಹುರಿಗಡಲೆ. ಒಗ್ಗರಣೆಯೆಂದರೆ ತನಿ, ಅಂದರೆ ಮೃದಂಗದವರೇ ನುಡಿಸುವ ಭಾಗ, ಶುರುವಾಗುವ ಮುನ್ನ ಸಾಸಿವೆ ಸಿಡಿದಂತೆ ಕೇಳಿ, ಮೃದಂಗ ಬಂದ ಮೇಲೆ ಮರೆಯಾಗುವಂಥದ್ದು. ಹುರಿಗಡಲೆಯಾದರೆ ತಂಬೂರಿಯೂ ಕೇಳುವುದಿಲ್ಲ. ನೂರು ಹುರಿಗಡಲೆಯಲ್ಲಿ ಅರವತ್ತಾದರೂ ಒಗ್ಗರಣೆಗೆ ಏರುತ್ತವೆ, ಹತ್ತಿಪ್ಪತ್ತು ಬೆಣ್ಣೆಯಾಗುತ್ತವೆ.

ದುಡ್ಡಿನ ಮಾತು: ಅಂಟಿನ ಕಿಲೋ ಡಬ್ಬಕ್ಕೆ ಮುನ್ನೂರರ ಆಸುಪಾಸು, ಹನ್ನೆರಡು ಪ್ಲೇಟಿಗೆ ಬರುತ್ತದೆ. ಅಂದರೆ ಪ್ಲೇಟಿಗೆ ಇಪ್ಪತ್ತೈದು. ಕಳೆದ ವರ್ಷ ಒಬ್ಬರ ಅಟ್ಟದಿಂದ 42 ಪ್ಲೇಟು 1,800ಕ್ಕೆ ತಂದೆ. ಅದರಲ್ಲಿನ ಒಂದು ವೀಣೆಯ ಪ್ಲೇಟನ್ನೇ 900ಕ್ಕೆ ಕೇಳಿದರು, ಕೊಡಲಿಲ್ಲ. ಇದರ ಎದುರಿಗೆ ಮೈಸೂರಿನ ಖರ್ಚನ್ನೂ ಬರೆಯಬೇಕು. ನಮ್ಮ ದೇಶದಲ್ಲಿ ಮೊದಮೊದಲು ಪ್ಲೇಟಿಗೆ ಹಾಡಿದ ಗಾಯಕಿ ಗೌಹರ್ ಜಾನ್ 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ ತಾನೇ, ಹಾಗಾಗಿ ಅಲ್ಲಿ "ಅವರದೇ ಪ್ಲೇಟಿದೆ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಬಸ್ ಹತ್ತುತ್ತೇನೆ. ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಹಿಂದಿ ಸಿನಿಮಾ.

ಮಂಚದ ಮಾತು ಆಡಿದ ಹಿರಿಯರು ಹೋದ ವಾರ ಆಟೋದಲ್ಲಿ ಬಂದರು. ಕೈಯಲ್ಲಿ ಎರಡು ಚೀಲ, ಮೂವತ್ತೈದು ಪ್ಲೇಟು, ಎಲ್ಲಕ್ಕೂ ಬೂಷ್ಟು. ನಗುವುದನ್ನು ತಡೆದುಕೊಂಡೆ. ಮಳೆ ನಿಲ್ಲಲಿ ಎಂದಿದ್ದೇನೆ.